ಹುಂಜಗಳನ್ನು ಏನು ಮಾಡ್ತೀರಿ?

ಮನೆಗೆ ಬಂದವರು ಅಂಗಳದಲ್ಲಿ ಕೋಳಿಗಳನ್ನು ಕಂಡ ಕೂಡಲೇ ಕೇಳುವುದು ಒಂದೇ ಪ್ರಶ್ನೆ. ದಿನಕ್ಕೆ ಎಷ್ಟು ಮೊಟ್ಟೆ ಸಿಗ್ತದೆ? ಆಮೇಲೆ ಗೂಡಿಗೆ ಎಷ್ಟು ಖರ್ಚಾಯಿತು, ವಾಸನೆ ಬರುವುದಿಲ್ವಾ, ಕೀರಿ ಕಾಟ ಇಲ್ವಾ ಎಂದೆಲ್ಲ ವಿಚಾರಿಸುತ್ತಾರೆ. ಮೊನ್ನೆ ಕುಂಬಳೆ ಕಡೆಯ ಸಂಬಂಧಿಕರೊಬ್ಬರು ಫೋನ್ ಮಾಡಿದ್ದರು. ಮಕ್ಕಳಿಗೆ ಖುಷಿಯಾಗ್ತದೆ, ನಾಲ್ಕು ಊರ ಕೋಳಿ ತಂದು ಬಿಡುವ ಅಂತ ಯೋಚನೆ ಎಂದರು. ನಾನು "ಹುಂಜಗಳನ್ನು ಏನು ಮಾಡ್ತೀರಿ?" ಅಂದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹುಂಜ ಯಾಕೆ? ನಮಗೆ ಹೇಂಟೆ ಮಾತ್ರ ಸಾಕು" ಎಂದರು. ಸಾಕು ಎಂದರೆ ಬಾರದೆ ಇರುತ್ತದಾ? ಹೇಂಟೆ ಕಾವಿಗೆ ಕೂತರೆ ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ. ಕೋಳಿ ಸಾಕುವ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ಅರ್ಧದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನನಗಂತೂ ಈಗ ಕೋಳಿ ಎಂದ ಕೂಡಲೇ ಮೊದಲು ನೆನಪಾಗುವುದು ಅದೇ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಒಂದೇ ಹಿತ್ತಿಲಲ್ಲಿ ಎರಡು ಮನೆ. ಹಳೆಯ ಮನೆಯಲ್ಲಿ ಭಾವ, ಅಕ್ಕ, ಅತ್ತೆ. ಅಕ್ಕ ಅಂದರೆ ನನ್ನ ಓರಗಿತ್ತಿ. ಪಕ್ಕದ ತಾರಸಿ ಮನೆ ನಮ್ಮದು. ಹಿಂದೆ ತೆಂಗಿನಕಾಯಿ ಸಿಪ್ಪೆ ಹಾಕುತ್ತಿದ್ದ ಕೊಟ್ಟಿಗೆಯನ್ನು ಸರಿಮಾಡಿ ಬಾಡಿಗೆಗೆ ಕೊಟ್ಟಿದ್ದೇವೆ. ಅದರಲ್ಲಿ ಪೇಟೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಸಿಸ್ಟರ್ ಇದ್ದಾರೆ. ಪಾಲು ಆದದ್ದು ಕಾಗದದಲ್ಲಿ ಮಾತ್ರ. ಬಾವಿ ಒಂದೇ, ಅಂಗಳ ಒಂದೇ, ಬಸಳೆ ಚಪ್ಪರವೂ ಒಂದೇ. ಮೇಲಿನ ಬದಿಗೆ ಭಟ್ರ ತೋಟ. ನಡುವೆ ಮುರಕಲ್ಲಿನ ಒಂದು ಪಾಗಾರ ಇದೆ. ಮನುಷ್ಯರು ಅದನ್ನು ಗಡಿ ಎಂದು ಒಪ್ಪಿಕೊಂಡಿದ್ದಾರೆ. ಕೋಳಿಗಳು ಒಪ್ಪಿಕೊಂಡಿಲ್ಲ.

ಬೇಲಿ ಇಲ್ಲದ ಹಿತ್ತಿಲು

ಮೊದಲ ಹೇಂಟೆ ಬಂದದ್ದು ಅಕ್ಕನ ಅಪ್ಪನ ಮನೆಯಿಂದ, ಮುಳ್ಳೇರಿಯ ಕಡೆಯಿಂದ, ಗೋಣಿಚೀಲದಲ್ಲಿ. ಕಪ್ಪು ಮೈ, ಕುತ್ತಿಗೆಯ ಸುತ್ತ ಸ್ವಲ್ಪ ಹೊಂಬಣ್ಣ. ಮಕ್ಕಳು ಅದಕ್ಕೆ ಕಾವೇರಿ ಎಂದು ಹೆಸರಿಟ್ಟರು. ಅಲ್ಲಿಂದ ಅದು ಅಕ್ಕನ ಕೋಳಿಯಾಗಿ ಉಳಿಯಲಿಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವುದು ಅಕ್ಕ. ನುಚ್ಚು ಹಾಕುವುದು ನಾನು. ತೋಟದಲ್ಲಿ ಗೆದ್ದಲಿನ ಗೂಡು ಸಿಕ್ಕಿದರೆ ಒಡೆದು ಹಾಳೆಯಲ್ಲಿ ತಂದು ಸುರಿಯುವುದು ನನ್ನ ಮಗ. ಮೊಟ್ಟೆ ಇಡುವುದು ಮಾತ್ರ ಸಿಸ್ಟರ್ ಮನೆಯ ಹಿಂದಿನ ಸೌದೆ ರಾಶಿಯಲ್ಲಿ. ಆ ಮೊಟ್ಟೆ ಯಾರದ್ದು ಹೇಳಿ? ಅದಕ್ಕೆ ನಾವು ಬೇಗ ಒಂದು ದಾರಿ ಕಂಡುಕೊಂಡೆವು. ಎಲ್ಲ ಮೊಟ್ಟೆಯೂ ಹಳೆಯ ಮನೆಯ ಅಕ್ಕಿ ಡಬ್ಬಿಗೆ ಹೋಗುತ್ತದೆ. ಬೇಕಾದವರು ಅಲ್ಲಿಂದ ತೆಗೆದುಕೊಳ್ಳುವುದು. ಊರ ಕೋಳಿ ವರ್ಷಕ್ಕೆ ಕೊಡುವುದೇ ಅರುವತ್ತು, ಎಂಬತ್ತು ಮೊಟ್ಟೆ. ಹತ್ತು ಹನ್ನೆರಡು ಇಟ್ಟ ಮೇಲೆ ಕಾವಿಗೆ ಕೂತುಬಿಡುತ್ತದೆ. ಅಷ್ಟಕ್ಕೆ ಜಗಳ ಮಾಡುವುದು ಯಾರಿಗೂ ಲಾಭವಲ್ಲ.

ಲಾಭ ಹಂಚಿಕೊಳ್ಳುವುದು ಸುಲಭ. ನಷ್ಟದ ಕಥೆ ಬೇರೆ. ಕೋಳಿಯ ಕಾಲಿಗೆ ಬಿಡುವೇ ಇಲ್ಲ. ತರಗೆಲೆ ಕಂಡರೆ ಕೆದಕುತ್ತದೆ, ಹೊಸದಾಗಿ ಅಗೆದ ಮಣ್ಣು ಕಂಡರಂತೂ ಮುಗಿಯಿತು. ಹರಿವೆ ಬೀಜ ಬಿತ್ತಿದ ಪಾತಿಯಲ್ಲಿ ಅರ್ಧ ಗಂಟೆ ಬಿಟ್ಟರೆ ಸಾಕು, ಪಾತಿ ಇದ್ದ ಜಾಗವೇ ಗೊತ್ತಾಗುವುದಿಲ್ಲ. ಅರಿಶಿನದ ಏರಿ ಕೆದಕಿ ಬುಡ ಹೊರಗೆ ಹಾಕುತ್ತದೆ. ಬಸಳೆಯ ಚಿಗುರು ಎಟುಕುವಷ್ಟು ಎತ್ತರದವರೆಗೆ ಖಾಲಿ. ಅಡಿಕೆ ಒಣಗಿಸುವ ಕಾಲದಲ್ಲಿ ಇನ್ನೂ ಕಷ್ಟ. ಚಾಲಿ ಅಡಿಕೆ ಅಂಗಳದಲ್ಲಿ ನಲವತ್ತು, ನಲವತ್ತೈದು ದಿನ ಬಿಸಿಲಿಗೆ ಬಿದ್ದಿರಬೇಕು. ಅಷ್ಟೂ ದಿನ ಅದರ ಮೇಲೆ ಕೋಳಿಗಳು ಓಡಾಡಿ ಹಿಕ್ಕೆ ಹಾಕುತ್ತವೆ. ಭಾವ ಬಲೆ ಕಟ್ಟಿ ನೋಡಿದರು, ಹಳೆ ಸೀರೆ ಕಟ್ಟಿ ನೋಡಿದರು. ಕೊನೆಗೆ ಅಡಿಕೆ ತಾರಸಿಗೆ ಹೋಯಿತು, ಅಂದರೆ ನಮ್ಮ ಮನೆಯ ಮೇಲೆ. ಹಾಗಾಗಿ ಆ ಎರಡು ತಿಂಗಳು ನಾವು ಬಟ್ಟೆ ಒಣಗಿಸುವುದು ಹಳೆಯ ಮನೆಯ ಹಿಂದೆ. ಕೋಳಿ ಸಾಕುವುದೆಂದರೆ ಹೀಗೆಯೇ, ಒಬ್ಬೊಬ್ಬರು ಒಂದೊಂದು ಜಾಗ ಬಿಟ್ಟುಕೊಡುತ್ತಾ ಹೋಗುವುದು.

ಹಲಸಿನ ಹಪ್ಪಳದ ಒಂದು ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಬೇಸಿಗೆಯಲ್ಲಿ ನಮ್ಮ ಕಡೆ ಹಪ್ಪಳ ಮಾಡದ ಮನೆ ಇದೆಯಾ? ಅತ್ತೆ ನಮ್ಮ ಅಂಗಳದ ಚಾಪೆಗಳ ಪಕ್ಕ ಕೊಡೆ ಬಿಡಿಸಿ, ಕೈಯಲ್ಲೊಂದು ಕೋಲು ಹಿಡಿದು ಕೂತಿದ್ದರು. ಕಾವೇರಿ ಮರಿಗಳ ಜೊತೆ ಆ ಕೋಲನ್ನು ನೋಡಿತು, ಯೋಚನೆ ಮಾಡಿತು, ತಿರುಗಿ ಪಾಗಾರ ಹತ್ತಿ ಭಟ್ರ ಅಂಗಳಕ್ಕೆ ಇಳಿಯಿತು. ಮರಿಗಳು ಪಾಗಾರದ ಸಂದಿಯಲ್ಲಿ ನುಸುಳಿದವು. ಅಲ್ಲಿಯೂ ಹಪ್ಪಳ. ಅದೂ ಮಡಿಯಲ್ಲಿ ತಟ್ಟಿದ ಹಪ್ಪಳ. ನಾನು ಓಡಿ ಹೋಗುವಷ್ಟರಲ್ಲಿ ಇಡೀ ಸಂಸಾರ ಒಂದು ಚಾಪೆಯನ್ನು ಉದ್ದಕ್ಕೆ ದಾಟಿ ಆಗಿತ್ತು. ಭಟ್ರ ಮನೆಯ ಅಮ್ಮ ಜಗಲಿಯಲ್ಲಿ ನಿಂತು ನೋಡುತ್ತಿದ್ದರು. ಬೈಗುಳ ಬರುತ್ತದೆ ಅಂತ ನಾನು ತಲೆ ತಗ್ಗಿಸಿದೆ. ಅವರು "ಆ ಚಾಪೆಯದ್ದು ಇನ್ನು ನಿಮ್ಮದೇ, ಒಣಗಿದ ಮೇಲೆ ತೆಗೊಂಡು ಹೋಗು. ಚಾಪೆ ತೊಳೆದು ಕೊಡು" ಎಂದರು. ಹೋಗುವಾಗ ಮತ್ತೆ ಕರೆದರು. "ನಿಮ್ಮ ಕೋಳಿ ಗೊಬ್ಬರ ಒಂದು ಎರಡು ಚೀಲ ಇದ್ದರೆ ಮಲ್ಲಿಗೆಗೆ ಬೇಕಿತ್ತು" ಎಂದರು. ಆ ಮಳೆಗಾಲ ನಾವು ತಿಂದದ್ದು ಭಟ್ರ ಮನೆಯ ಹಪ್ಪಳ. ನಮ್ಮದಕ್ಕಿಂತ ರುಚಿಯಾಗಿತ್ತು, ಅತ್ತೆಯ ಎದುರು ಹೇಳುವಂತಿಲ್ಲ. ಗೊಬ್ಬರ ಇವತ್ತಿಗೂ ಹೋಗುತ್ತಿದೆ. ಹಸಿಯಾಗಿ ಹಾಕಿದರೆ ಗಿಡದ ಬೇರು ಸುಟ್ಟು ಹೋಗುತ್ತದೆ, ಹಾಗಾಗಿ ತರಗೆಲೆ, ಮರದ ಹುಡಿಯ ಜೊತೆ ಸೇರಿಸಿ ಕೆಲವು ತಿಂಗಳು ಕೊಳೆಯಲು ಬಿಟ್ಟು ಆಮೇಲೆ ಕೊಡುತ್ತೇವೆ.

ರೋಗದ ವಿಷಯದಲ್ಲೂ ಪಾಲು ಮಾಡಲಿಕ್ಕೆ ಆಗುವುದಿಲ್ಲ. ಕೊಕ್ಕರೆ ರೋಗ ಬಂದರೆ ಕೋಳಿಗಳ ಕುತ್ತಿಗೆ ತಿರುಚಿಕೊಳ್ಳುತ್ತದೆ, ಹಸಿರು ಭೇದಿಯಾಗುತ್ತದೆ, ಎರಡು ಮೂರು ದಿನದಲ್ಲಿ ಗೂಡು ಖಾಲಿ. ಮದ್ದಿಲ್ಲ, ಲಸಿಕೆ ಮಾತ್ರ. ಅದರ ಒಂದು ಸೀಸೆ ನೂರು ಕೋಳಿಗಾಗುವಷ್ಟು ಇರುತ್ತದೆ. ಐಸ್ ಹಾಕಿ ತರಬೇಕು, ಒಮ್ಮೆ ಕಲಸಿದರೆ ಗಂಟೆ ಎರಡು ಗಂಟೆಯೊಳಗೆ ಮುಗಿಸಬೇಕು. ನಾಲ್ಕು ಕೋಳಿಗೆ ಅಂತ ಯಾರು ತರುತ್ತಾರೆ? ಹಾಗಾಗಿ ನಮ್ಮ ಓಣಿಯ ಕೋಳಿ ಇರುವ ಮನೆಯವರೆಲ್ಲ ಒಂದು ಸಂಜೆ ನಿಶ್ಚಯ ಮಾಡುತ್ತೇವೆ. ಬುಟ್ಟಿ, ಚೀಲ, ಸೆರಗಿನಲ್ಲಿ ಸುತ್ತಿಕೊಂಡು ಕೋಳಿಗಳು ಬರುತ್ತವೆ. ಮರಿಗಳ ಕಣ್ಣಿಗೆ ಒಂದು ಹನಿ, ದೊಡ್ಡವಕ್ಕೆ ರೆಕ್ಕೆಯಡಿ ಸೂಜಿ. ಮದುವೆ ಮನೆಯಲ್ಲಿ ಕೂಡ ಸಿಗದಷ್ಟು ಸುದ್ದಿ ಆ ಹೊತ್ತಿನಲ್ಲಿ ಸಿಗುತ್ತದೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಹಂಚಿಕೊಂಡ ಹಿತ್ತಿಲಲ್ಲಿ ಕೋಳಿ ಸಾಕಿದರೆ ಬರುವ ತಕರಾರುಗಳಿಗೆ ಸಾಮಾನ್ಯವಾಗಿ ಒಂದು ತೀರ್ಮಾನ ಸಿಗುತ್ತದೆ. ಬಲೆ ಕಟ್ಟಬಹುದು, ಚಾಪೆ ತೊಳೆದು ಕೊಡಬಹುದು, ಗೊಬ್ಬರ ಕೊಟ್ಟು ಲೆಕ್ಕ ಸರಿ ಮಾಡಬಹುದು. ಹುಂಜದ ವಿಷಯ ಹಾಗಲ್ಲ.

ಅರ್ಧ ಗಂಡು

ಕಾವಿಗೆ ಕೂತ ಇಪ್ಪತ್ತೊಂದನೆಯ ದಿನಕ್ಕೆ ಮರಿ ಹೊರಗೆ ಬರುತ್ತದೆ. ಆಗ ಎಲ್ಲವೂ ಒಂದೇ ತರ, ಹತ್ತಿಯ ಉಂಡೆಗಳು. ಊರ ಕೋಳಿಯ ಮರಿಗಳಲ್ಲಿ ಗಂಡು ಹೆಣ್ಣು ಗೊತ್ತಾಗಬೇಕಾದರೆ ಒಂದೂವರೆ ಎರಡು ತಿಂಗಳಾದರೂ ಬೇಕು. ಮೊದಲು ಜುಟ್ಟು ಕೆಂಪಾಗುತ್ತದೆ. ಕಾಲು ದಪ್ಪವಾಗುತ್ತದೆ. ಒಂದು ದಿನ ಗಂಟಲು ಕಟ್ಟಿದ ಹಾಗೆ ಅರ್ಧ ಕೂಗು ಕೇಳಿಸುತ್ತದೆ. ಅಷ್ಟರಲ್ಲಿ ಮಕ್ಕಳು ಎಲ್ಲದಕ್ಕೂ ಹೆಸರಿಟ್ಟು, ಹೆಗಲ ಮೇಲೆ ಕೂರಿಸಿ, ಫೋಟೋ ತೆಗೆದು ಆಗಿರುತ್ತದೆ. ಸಮಸ್ಯೆ ಗೊತ್ತಾಗುವ ಹೊತ್ತಿಗೆ ಅದು ಸಮಸ್ಯೆ ಆಗಿ ಉಳಿದಿರುವುದಿಲ್ಲ, ಪಿಂಕಿಯೋ ಚಿಂಟುವೋ ಆಗಿರುತ್ತದೆ.

ಅತ್ತೆಗೆ ಇದಕ್ಕೊಂದು ಉಪಾಯ ಗೊತ್ತು. ಚೂಪು ಮೊಟ್ಟೆಯಲ್ಲಿ ಹುಂಜ, ಉರುಟು ಮೊಟ್ಟೆಯಲ್ಲಿ ಹೇಂಟೆ. ಹಾಗಾಗಿ ಕಾವಿಗೆ ಇಡುವಾಗ ಉರುಟು ಮೊಟ್ಟೆಗಳನ್ನೇ ಆರಿಸುತ್ತಾರೆ. ಆರಿಸಿ ಇಟ್ಟರೂ ಅರ್ಧ ಹುಂಜಗಳೇ ಬಂದಿವೆ. ಅದಕ್ಕೆ ಅವರ ಉತ್ತರ, ಆರಿಸಿದ್ದು ಸರಿಯಾಗಲಿಲ್ಲ ಎಂದು. ಮೊಟ್ಟೆಯ ಆಕಾರಕ್ಕೂ ಮರಿಗೂ ಸಂಬಂಧ ಇಲ್ಲ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ಅಪ್ಪನ ಕಡೆಯಿಂದ ನಿಶ್ಚಯವಾದರೆ, ಕೋಳಿಗಳಲ್ಲಿ ಅದು ಹೇಂಟೆಯ ಕಡೆಯಿಂದ. ಇದನ್ನು ಅತ್ತೆಗೆ ಹೇಳಿದಾಗ ಅವರು ನಕ್ಕು "ಪಾಪ, ಅಲ್ಲಿಯಾದರೂ ಹೇಂಟೆಗೆ ಬೈದರೆ ಸರಿಯಾಗ್ತದೆ" ಎಂದರು.

ಕಾವು ಬೇಡ, ಬರೀ ಹೇಂಟೆ ತಂದರೆ ಆಯಿತಲ್ಲ ಎನ್ನುವವರಿದ್ದಾರೆ. ಕುಂಬಳೆಯವರೂ ಅದನ್ನೇ ಹೇಳಿದರು. ಬೀವಿ 380 ಎಂಬ ಕಂದು ಬಣ್ಣದ ಕೋಳಿ ಈಗ ಕೇರಳದಲ್ಲಿ ಎಲ್ಲ ಕಡೆ ಸಿಗುತ್ತದೆ. ಎರಡು ತಿಂಗಳ ಹೇಂಟೆ ಮರಿ ತಂದರೆ ಐದಾರು ತಿಂಗಳಿಗೆ ಮೊಟ್ಟೆ ಶುರು, ವರ್ಷಕ್ಕೆ 300ರ ಹತ್ತಿರ. ಕಾವಿಗೆ ಕೂರುವುದಿಲ್ಲ. ಕರೆದರೆ ಬರುತ್ತದೆ, ಎತ್ತಿದರೆ ಸುಮ್ನೆ ಕೂರುತ್ತದೆ. ಒಳ್ಳೆಯ ಕೋಳಿಯೇ. ಆದರೆ ನಮ್ಮ ಮನೆಗೆ ಬರೀ ಹೇಂಟೆಗಳು ಬಂದವು ಎಂದರೆ ಅವುಗಳ ಅಣ್ಣತಮ್ಮಂದಿರು ಎಲ್ಲಿಗೆ ಹೋದರು? ಮೊಟ್ಟೆ ತಳಿಯ ಗಂಡು ಮರಿಗೆ ಮೊಟ್ಟೆಯೂ ಇಲ್ಲ, ಮಾಂಸವೂ ಬೇಗ ತುಂಬುವುದಿಲ್ಲ. ಲೋಕದ ದೊಡ್ಡ ದೊಡ್ಡ ಮರಿಕೇಂದ್ರಗಳಲ್ಲಿ ಅವನ್ನು ಹುಟ್ಟಿದ ದಿನವೇ ಕೊಲ್ಲುವುದು ವಾಡಿಕೆ. ಜರ್ಮನಿ 2022ರ ಜನವರಿಯಿಂದ ಅದನ್ನು ನಿಷೇಧಿಸಿತು. ಅಲ್ಲಿ ಈಗ ಮೊಟ್ಟೆಯೊಳಗೇ ಗಂಡೋ ಹೆಣ್ಣೋ ನೋಡುವ ಯಂತ್ರಗಳಿವೆ. ಹೇಂಟೆ ಮಾತ್ರ ತರುತ್ತೇನೆ ಎನ್ನುವವರು ಹುಂಜದ ಪ್ರಶ್ನೆ ಬಿಡಿಸಿದ ಹಾಗಲ್ಲ. ಅವರ ಪರವಾಗಿ ಬೇರೆ ಯಾರೋ, ಅವರ ಕಣ್ಣಿಗೆ ಬೀಳದ ಜಾಗದಲ್ಲಿ, ಉತ್ತರ ಕೊಟ್ಟು ಮುಗಿಸಿದ್ದಾರೆ. ಇದನ್ನು ಫೋನಿನಲ್ಲಿ ಹೇಳಿದರೆ ಉಪದೇಶ ಅನ್ನಿಸುತ್ತದೆ ಎಂದು ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಕೂಗುವವನು

ಒಂದು ಹುಂಜ ಇದ್ದರೆ ಅದು ಚಂದ. ನಮ್ಮಲ್ಲಿ ಉಳಿದುಕೊಂಡವನ ಹೆಸರು ಮಾಷ್ಟ್ರು. ಎದೆ ಮುಂದೆ ಮಾಡಿ, ಒಂದೊಂದೇ ಹೆಜ್ಜೆ ಎಣಿಸಿ ನಡೆಯುವುದು ನೋಡಿ ಮಕ್ಕಳು ಇಟ್ಟದ್ದು. ಹುಳ ಸಿಕ್ಕಿದರೆ ತಾನು ತಿನ್ನುವುದಿಲ್ಲ. ಟುಕ್ ಟುಕ್ ಎಂದು ಹೇಂಟೆಗಳನ್ನು ಕರೆದು, ಹುಳವನ್ನು ಎತ್ತಿ ಹಾಕಿ ತೋರಿಸಿ, ಅವು ತಿಂದ ಮೇಲೆ ಗತ್ತಿನಲ್ಲಿ ಸುತ್ತು ಹಾಕುತ್ತದೆ. ಮೇಲಿನಿಂದ ಗಿಡುಗ ಬಂದರೆ ಒಂದು ರೀತಿ ಕೂಗು, ನೆಲದಲ್ಲಿ ಕೀರಿಯೋ ನಾಯಿಯೋ ಬಂದರೆ ಇನ್ನೊಂದು ರೀತಿ. ಮೊದಲನೆಯದಕ್ಕೆ ಹೇಂಟೆಗಳು ಚಪ್ಪರದಡಿಗೆ ನುಗ್ಗುತ್ತವೆ. ಎರಡನೆಯದಕ್ಕೆ ಕುತ್ತಿಗೆ ಎತ್ತಿ ನಿಂತು ನೋಡುತ್ತವೆ. ನಮಗೂ ಈಗ ಅಭ್ಯಾಸವಾಗಿದೆ. ಅಡುಗೆಮನೆಯಲ್ಲಿದ್ದರೂ ಮೊದಲ ಕೂಗು ಕೇಳಿದರೆ ತಲೆ ಮೇಲೆ ಹೋಗುತ್ತದೆ.

ಎರಡು ಹುಂಜ ಆದರೆ ಸ್ವಲ್ಪ ಕಷ್ಟ. ನಾಲ್ಕೈದು ಆದರೆ ಹಿತ್ತಿಲು ಹಾಳು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹುಂಜ ಹೆಚ್ಚಾದರೆ ಹೇಂಟೆಗಳ ಬೆನ್ನಿನ ಪುಕ್ಕ ಕಿತ್ತು ಚರ್ಮ ಕಾಣುತ್ತದೆ, ಅವು ಗೂಡಿನಿಂದ ಇಳಿಯಲಿಕ್ಕೇ ಹೆದರುತ್ತವೆ. ಮತ್ತೆ ಕೂಗು. ಹುಂಜ ಬೆಳಕು ನೋಡಿ ಕೂಗುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ್ದು ಬೇರೆ. ದಿನವಿಡೀ ಒಂದೇ ರೀತಿಯ ಮಂದ ಬೆಳಕಿನಲ್ಲಿ ಇಟ್ಟರೂ ಹುಂಜಗಳು ಬೆಳಗಿನ ಹೊತ್ತಿಗೆ ಸರಿಯಾಗಿ ಕೂಗಿದವು. ಗಡಿಯಾರ ಅವುಗಳ ಮೈಯೊಳಗೇ ಇದೆ. 2015ರಲ್ಲಿ ಜಪಾನಿನ ಸಂಶೋಧಕರು ಇನ್ನೂ ಒಂದು ಸಂಗತಿ ಹೇಳಿದರು. ಗುಂಪಿನಲ್ಲಿ ಎಲ್ಲರಿಗಿಂತ ಮೇಲಿನ ಹುಂಜ ಮೊದಲು ಕೂಗುತ್ತದೆ, ಉಳಿದವು ತಮ್ಮ ತಮ್ಮ ಸ್ಥಾನಕ್ಕೆ ತಕ್ಕಂತೆ ಆಮೇಲೆ. ನಮ್ಮಲ್ಲಿ ಹುಂಜಗಳು ತುಂಬಿದ್ದ ವರ್ಷ ಇದನ್ನು ದಿನಾ ಕೇಳಿದ್ದೇವೆ. ಮಾಷ್ಟ್ರು ಕೂಗಿ ಮುಗಿಸಿದ ಮೇಲೆಯೇ ಕೆಂಪಿನವನು, ಅವನಾದ ಮೇಲೆ ಚುಕ್ಕಿಯವನು, ಕೊನೆಗೆ ಗಂಟಲು ಒಡೆಯದ ಇಬ್ಬರು. ಹಾಜರಿ ಮುಗಿಯುವಾಗ ಮೊದಲನೆಯವನು ಮತ್ತೆ ಶುರು.

ರಾತ್ರಿ ಪಾಳಿ ಮುಗಿಸಿ ಬಂದ ಸಿಸ್ಟರ್ ಒಂದು ದಿನ ಅಂಗಳಕ್ಕೆ ಬಂದು ನಿಂತರು. ಎಂದೂ ಜೋರಾಗಿ ಮಾತಾಡದ ಹುಡುಗಿ. "ಚೇಚಿ, ನಾನು ಬಾಡಿಗೆ ಜಾಸ್ತಿ ಕೊಡ್ತೇನೆ, ಇವರಲ್ಲಿ ಮೂವರನ್ನು ಬೇರೆ ಎಲ್ಲಿಗಾದರೂ ವರ್ಗ ಮಾಡಿ" ಎಂದರು. ನಮಗೆ ನಗು ಬಂತು. ಅವರ ಕಣ್ಣು ನೋಡಿದ ಮೇಲೆ ಬಂದ ನಗು ಹೋಯಿತು. ನಮಗೆ ಪ್ರೀತಿಯ ಪ್ರಾಣಿ ಎಂದಾಕ್ಷಣ ಬೇರೆಯವರ ನಿದ್ದೆ ಕೆಡಿಸುವ ಹಕ್ಕು ನಮಗಿದೆಯಾ? ಅದೂ ಬಾಡಿಗೆಗೆ ಇರುವವರ ನಿದ್ದೆ. ಅವರು ತಕರಾರು ಹೇಳುವ ಮೊದಲು ಎಷ್ಟು ಬೆಳಿಗ್ಗೆ ಸಹಿಸಿಕೊಂಡರೋ ಏನೋ.

ಕೇಳಿಕೊಂಡು ಬಂದವರು

ಬೇರೆ ಊರಲ್ಲಾದರೆ ಹೆಚ್ಚಿನ ಹುಂಜಕ್ಕೆ ಒಂದೇ ದಾರಿ, ಸಾರು. ನಮ್ಮ ಊರಲ್ಲಿ ಹುಂಜ ಕೇಳಿಕೊಂಡು ಬರುವವರು ಬೇರೆಯೂ ಇದ್ದಾರೆ. ಕೆಂಪಿನವನ ಸುದ್ದಿ ಹೇಗೆ ಹೋಯಿತೋ, ಒಬ್ಬ ಬೈಕಿನಲ್ಲಿ ಬಂದ. ಪಾಗಾರದ ಆಚೆಯಿಂದಲೇ ಬಹಳ ಹೊತ್ತು ನೋಡಿದ. ಆಮೇಲೆ ಕೇಳಿಕೊಂಡು ಒಳಗೆ ಬಂದು ಹಿಡಿದು, ಕಾಲಿನ ಮುಳ್ಳು ನೋಡಿದ, ಎದೆ ಒತ್ತಿ ನೋಡಿದ, ರೆಕ್ಕೆ ಬಿಡಿಸಿದ. ಹಿಡಿಯುವ ರೀತಿಯಲ್ಲಿ ಒಂದು ಪ್ರೀತಿಯೇ ಇತ್ತು, ಸುಳ್ಳು ಹೇಳುವುದು ಯಾಕೆ. ಹೇಳಿದ ಹಣ ಕೇಳಿ ಅಕ್ಕ ನನ್ನ ಮುಖ ನೋಡಿದಳು. ಎಲ್ಲಿಗೆ ಅಂತ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ, ಎಂದು ಎಲ್ಲರಿಗೂ ಗೊತ್ತು. ಪ್ರಾಣಿಗಳನ್ನು ಕಾದಾಡಿಸುವುದು 1960ರ ಕಾನೂನಿನ ಪ್ರಕಾರ ಅಪರಾಧ. ಆದರೂ ಕೊಯ್ಲು ಮುಗಿದ ಗದ್ದೆಯಲ್ಲಿ, ಗುಡ್ಡದ ಮರೆಯಲ್ಲಿ ನಡೆಯುತ್ತದೆ. ಕೋಳಿಯ ಕಾಲಿಗೆ ಬಾಳು, ಅಂದರೆ ಸಣ್ಣ ಕತ್ತಿ, ಕಟ್ಟುತ್ತಾರೆ. ಯಾವ ದಿನ ಯಾವ ಬಣ್ಣದ ಕೋಳಿಗೆ ಗೆಲುವು ಎಂದು ಪಂಚಾಂಗ ನೋಡುವವರಿದ್ದಾರೆ. ಸೋತ ಕೋಳಿ ಗೆದ್ದವನ ಪಾಲು. ಪೊಲೀಸರು ಹಿಡಿದರೆ ಕೋಳಿಗಳನ್ನು ಹರಾಜು ಹಾಕುತ್ತಾರೆ. ಹರಾಜಿನಲ್ಲಿ ಕೂಗುವವರು ಯಾರು ಎಂದು ಊಹಿಸಲು ಕಷ್ಟವಿಲ್ಲ. ನಾವು ಕೊಡುವುದಿಲ್ಲ ಎಂದೆವು. ಇದರಲ್ಲಿ ಎರಡು ಮನೆಗೂ ಒಂದೇ ಮಾತು.

ಎರಡು ಮನೆ ಬೇರೆಯಾದದ್ದು ಮುಂದಿನ ವಾರ. ನಮ್ಮ ತೋಟದ ಮೂಲೆಯಲ್ಲಿ, ಹಾಲೆ ಮರದ ಕೆಳಗೆ, ಗುಳಿಗ ದೈವದ ಕಲ್ಲು ಇದೆ. ವರ್ಷಕ್ಕೊಮ್ಮೆ ಅಲ್ಲಿ ತಂಬಿಲ, ಅಂದರೆ ದೈವಕ್ಕೆ ಪೂಜೆ. ಗುಳಿಗನಿಗೆ ಕೋಳಿ ಇಲ್ಲದೆ ಆಗುವುದಿಲ್ಲ. ನಾನು ಈ ಮನೆಗೆ ಬಂದ ಮೇಲೆ ಪ್ರತಿ ವರ್ಷವೂ ಕೋಳಿ ಪೇಟೆಯಿಂದ ಬರುತ್ತಿತ್ತು. ಹಿಂದಿನ ಸಂಜೆ ಯಾರೋ ತರುತ್ತಾರೆ, ಬುಟ್ಟಿ ಕವುಚಿ ಇಡುತ್ತಾರೆ, ಬೆಳಿಗ್ಗೆ ಆಗುತ್ತದೆ. ಆ ವರ್ಷ ರಾತ್ರಿ ಊಟದ ಹೊತ್ತಿಗೆ ಭಾವ ಹೇಳಿದರು, "ಈ ಸಲ ಹೊರಗಿಂದ ಯಾಕೆ? ಮನೆಯಲ್ಲೇ ಉಂಟಲ್ಲ." ನನ್ನ ಮಗ ಊಟ ಬಿಟ್ಟು ಎದ್ದ. "ದೊಡ್ಡಪ್ಪ, ಅವು ನಾವು ಸಾಕಿದ್ದು!" ಎಂದ. ಭಾವ ಸಿಟ್ಟು ಮಾಡಿಕೊಳ್ಳಲಿಲ್ಲ. "ಹೌದು ಮಗ, ಅದಕ್ಕೇ ಹೇಳಿದ್ದು. ದುಡ್ಡು ಕೊಟ್ಟು ತಂದದ್ದನ್ನು ಕೊಟ್ಟರೆ ನಾವು ಏನು ಕೊಟ್ಟ ಹಾಗಾಯಿತು? ಸಾಕಿದ್ದನ್ನು ಕೊಡುವುದೇ ಕೊಡುವುದು" ಎಂದರು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನನಗೆ ಬಲಿ ಸರಿ ಅನ್ನಿಸುವುದಿಲ್ಲ. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿಯನ್ನು ಕೇರಳದಲ್ಲಿ 1968ರಲ್ಲೇ ಕಾನೂನು ಮಾಡಿ ನಿಲ್ಲಿಸಿದ್ದಾರೆ. ಆದರೆ ನಾನು ಭಾವನ ಎದುರು ಯಾವ ಬಾಯಿಯಲ್ಲಿ ವಾದ ಮಾಡಲಿ? ಭಾನುವಾರ ನಮ್ಮ ಮನೆಯಲ್ಲಿ ಕೋಳಿ ಸುಕ್ಕ ಆಗುತ್ತದೆ. ಆರು ವಾರದ ಬ್ರಾಯ್ಲರ್, ಚರ್ಮ ತೆಗೆದು, ತುಂಡು ಮಾಡಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಅದಕ್ಕೆ ಹೆಸರಿಲ್ಲ, ಅದರ ಕೂಗು ನಾನು ಕೇಳಿಲ್ಲ. ಭಾವ ತಾನು ಕೊಲ್ಲುವುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ, ಕೈ ಮುಗಿಯುತ್ತಾರೆ. ನಾನು ಚೀಲದ ಬಾಯಿ ಬಿಚ್ಚುತ್ತೇನೆ. ನಮ್ಮಿಬ್ಬರಲ್ಲಿ ಹೆಚ್ಚು ಪ್ರಾಮಾಣಿಕರು ಯಾರು ಎಂದು ಕೇಳಿದರೆ ನಾನು ಭಾವನ ಕಡೆಗೇ ಬೆರಳು ತೋರಿಸಬೇಕು. ಹಾಗೆಂದು ಕೆಂಪಿನವನನ್ನು ಬುಟ್ಟಿಯಡಿ ನೋಡಲು ನನ್ನಿಂದ ಆಗುವುದಿಲ್ಲ ಎಂಬುದೂ ನಿಜ. ಎರಡೂ ಒಟ್ಟಿಗೆ ನಿಜ.

ಆ ರಾತ್ರಿ ಮಾತು ಮುಗಿಸಿದ್ದು ಅತ್ತೆ. ಅವರು ಭಾವನಿಗೆ, "ಮಕ್ಕಳು ಹೆಸರು ಇಟ್ಟದ್ದನ್ನು ಮುಟ್ಟಬೇಡ. ಹೆಸರು ಇಡದ್ದು ಉಂಟಲ್ಲ" ಎಂದರು. ಗಂಟಲು ಒಡೆಯದ ಇಬ್ಬರಿಗೆ ಹೆಸರಿರಲಿಲ್ಲ. ಮಕ್ಕಳಿಗೂ ಅಷ್ಟು ಹೊತ್ತಿಗೆ ಹೆಸರಿಟ್ಟು ಸುಸ್ತಾಗಿತ್ತು. ಅದರಲ್ಲಿ ಒಂದು ಗುಳಿಗನಿಗೆ ಹೋಯಿತು. ಪ್ರಸಾದ ಎಂದು ಸಾರು ಬಂತು. ನನ್ನ ಮಗ ಮುಟ್ಟಲಿಲ್ಲ. ಅಕ್ಕನ ಮಗಳು, ಅವನಿಗಿಂತ ಚಿಕ್ಕವಳು, ಎರಡು ಸಲ ಹಾಕಿಸಿಕೊಂಡಳು. ಒಂದೇ ಅಂಗಳದಲ್ಲಿ ಬೆಳೆದ ಮಕ್ಕಳು.

ಈಗಿನ ಏರ್ಪಾಡು

ಅದರ ನಂತರ ಎರಡು ಮನೆಯವರೂ ಜಗಲಿಯಲ್ಲಿ ಕೂತು ಮಾತಾಡಿದೆವು. ಸಿಸ್ಟರನ್ನೂ ಕರೆದೆವು. ಮೊದಲ ಮಾತು ಕಾವಿನದ್ದು. ಕಾವಿಗೆ ಕೂತ ಎಲ್ಲ ಹೇಂಟೆಗೂ ಮೊಟ್ಟೆ ಇಡುವುದಿಲ್ಲ. ಒಂದಕ್ಕೆ ಮಾತ್ರ, ಅದೂ ಮಳೆಗಾಲ ಕಳೆದ ಮೇಲೆ. ಮಳೆಯಲ್ಲಿ ಮರಿ ಮಾಡಿದರೆ ಗೂಡು ಒದ್ದೆಯಾಗಿ ರಕ್ತಭೇದಿ ಬರುತ್ತದೆ, ಅರ್ಧ ಸಾಯುತ್ತವೆ. ಉಳಿದ ಹೇಂಟೆಗಳ ಕಾವು ಬಿಡಿಸಬೇಕು. ನೀರಲ್ಲಿ ಅದ್ದುವುದು, ಮೂಗಿಗೆ ಪುಕ್ಕ ಚುಚ್ಚುವುದು ಇತ್ಯಾದಿ ಹಳೆಯ ಕ್ರಮ ನನಗೆ ಹಿಡಿಸುವುದಿಲ್ಲ. ಅಡಿಯಲ್ಲೂ ಗಾಳಿಯಾಡುವ ಬಲೆಯ ಗೂಡಿನಲ್ಲಿ, ಬೆಳಕಿರುವ ಕಡೆ, ನೀರು ತೀನಿ ಕೊಟ್ಟು ಕೆಲವು ದಿನ ಇಟ್ಟರೆ ಹೊಟ್ಟೆ ತಣ್ಣಗಾಗಿ ಕಾವು ಬಿಡುತ್ತದೆ. ಆ ಕೆಲವು ದಿನ ಅದು ನಮ್ಮನ್ನು ನೋಡುವ ನೋಟ ಮಾತ್ರ ತಡೆದುಕೊಳ್ಳಬೇಕು.

ಎರಡನೆಯದು ಹೆಸರಿನದ್ದು. ಜುಟ್ಟು ಕೆಂಪಾಗುವವರೆಗೆ ಹೆಸರಿಲ್ಲ. ಇದು ಮಕ್ಕಳಿಗೆ ಮಾಡಿದ ಕಟ್ಟಳೆ. ಅದನ್ನು ಮೊದಲು ಮುರಿದದ್ದು ಅಕ್ಕ. ಹುಂಜಗಳನ್ನು ಮೊದಲು ಹುಂಜ ಬೇಕಾದ ಮನೆಗೆ ಕೊಡುವುದು. ಕೇಳಿ ನೋಡಿದರೆ ಅಂಥ ಮನೆಗಳು ಇವೆ. ಒಂದೇ ರಕ್ತದ ಕೋಳಿಗಳು ಆಗಬಾರದೆಂದು ಎರಡು ಮೂರು ವರ್ಷಕ್ಕೊಮ್ಮೆ ಹುಂಜ ಬದಲಾಯಿಸುವವರು ಪೆರ್ಲ, ನೀರ್ಚಾಲು ಕಡೆ ಸಿಕ್ಕಿದ್ದಾರೆ. ಕೆಂಪಿನವನು ಹಾಗೆಯೇ ನೀರ್ಚಾಲಿಗೆ ಹೋದ, ಅಲ್ಲಿ ಹತ್ತು ಹೇಂಟೆಗಳ ಯಜಮಾನ. ಅದಕ್ಕೆ ಬದಲಾಗಿ ಒಂದು ಎಳೆ ಹೇಂಟೆ ಬಂತು. ಗುಳಿಗನ ಕೋಳಿ ಪೇಟೆಯದ್ದೋ ಮನೆಯದ್ದೋ ಎಂಬುದು ಪ್ರತಿ ವರ್ಷ ಭಾವ ಮತ್ತು ನಾನು ಕೂತು ತೀರ್ಮಾನಿಸಬೇಕು ಎಂದಾಯಿತು. ಕಳೆದ ವರ್ಷ ಅವರು ಗೆದ್ದರು. ಅದರ ಹಿಂದಿನ ವರ್ಷ ನಾನು. ಕೂಗಿಗೆ ಮಾಡಿದ ಉಪಾಯ ಸಣ್ಣದು. ಮಾಷ್ಟ್ರ ಗೂಡನ್ನು ಸಿಸ್ಟರ್ ಮನೆಯಿಂದ ದೂರ, ಹಟ್ಟಿಯ ಆಚೆ ಬದಿಗೆ ಸಾಗಿಸಿ, ಬೆಳಕು ನುಗ್ಗದ ಹಾಗೆ ದಪ್ಪ ಗೋಣಿ ಇಳಿಬಿಟ್ಟೆವು. ಮೈಯೊಳಗಿನ ಗಡಿಯಾರಕ್ಕೆ ಗೋಣಿ ಲೆಕ್ಕಕ್ಕಿಲ್ಲ, ಕೂಗು ನಿಲ್ಲಲಿಲ್ಲ. ಸ್ವಲ್ಪ ದೂರದಿಂದ ಕೇಳಿಸುತ್ತದೆ ಅಷ್ಟೆ. ಸಿಸ್ಟರ್ ಅಷ್ಟೇ ಸಾಕು ಎಂದರು, 'ಸಾಕು' ಎಂದ ಸ್ವರ ಪೂರ್ತಿ ಸಾಕಾದವರದ್ದಾಗಿರಲಿಲ್ಲ.

ಇದನ್ನೆಲ್ಲ ಕೇಳಿದ ಒಬ್ಬ ಗೆಳತಿ, ನಾಲ್ಕು ಕೋಳಿಗೆ ಇಷ್ಟು ಪಂಚಾಯ್ತಿಕೆ ಬೇಕಾ ಎಂದಳು. ಬೇಕು. ನಾಯಿ ಬೆಕ್ಕಾದರೆ ಒಂದು ಮನೆಗೆ ಸೇರುತ್ತದೆ. ಬೇಲಿ ಇಲ್ಲದ ಹಿತ್ತಿಲಲ್ಲಿ ಕೋಳಿ ಎಲ್ಲರ ಪಾತಿಯನ್ನೂ ಕೆದಕುತ್ತದೆ. ಹಾಗಾಗಿ ಅದನ್ನು ಒಬ್ಬರು ಸಾಕಿ ಉಳಿದವರು ಸಹಿಸಿಕೊಳ್ಳುವುದು ಬಹಳ ದಿನ ನಡೆಯುವುದಿಲ್ಲ. ಎಲ್ಲರದ್ದೂ ಅದರಲ್ಲಿ ಒಂದು ಪಾಲು ಇರಬೇಕು, ಮೊಟ್ಟೆಯಲ್ಲೋ ಗೊಬ್ಬರದಲ್ಲೋ. ಹುಂಜವನ್ನು ಏನು ಮಾಡುವುದು ಎಂಬ ಕೆಟ್ಟ ತೀರ್ಮಾನದಲ್ಲೂ ಪಾಲು ಇರಬೇಕು. ಆ ತೀರ್ಮಾನವನ್ನು ಒಬ್ಬರ ತಲೆಗೆ ಕಟ್ಟಿ ಉಳಿದವರು ಮುಖ ತಿರುಗಿಸುವುದು ನನಗೆ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಾಣುತ್ತದೆ. ಮೊಟ್ಟೆ ಕಾವಿಗೆ ಇಡುವ ಮೊದಲೇ ಮಾತಾಡಿಕೊಂಡರೆ ಒಳ್ಳೆಯದು. ಜುಟ್ಟು ಕೆಂಪಾದ ಮೇಲೆ ಯಾರ ಬಾಯಲ್ಲೂ ಸರಿಯಾದ ಮಾತು ಬರುವುದಿಲ್ಲ.

ಈಗ ಕಾವೇರಿಯ ಮೊಮ್ಮಗಳು ಕಾವಿಗೆ ಕೂತಿದೆ. ಒಂಬತ್ತು ಮೊಟ್ಟೆ ಇಡುವುದೆಂದು ಮಾತಾಗಿತ್ತು. ನಿನ್ನೆ ಅದು ತೀನಿಗೆ ಎದ್ದಾಗ ಎಣಿಸಿದರೆ ಹನ್ನೆರಡು ಇದೆ. ಅಕ್ಕನನ್ನು ಕೇಳಿದೆ. ಅತ್ತೆಯನ್ನು ಕೇಳು ಎಂದಳು. ಅತ್ತೆಯನ್ನು ಕೇಳಿದರೆ, ಹೆಚ್ಚಿಗೆ ಇಟ್ಟ ಮೂರೂ ಉರುಟು ಮೊಟ್ಟೆ, ನೀನು ಹೆದರಬೇಡ ಎಂದರು. ನೀರ್ಚಾಲಿನವರಿಗೆ ಫೋನ್ ಮಾಡಿ ಇಟ್ಟಿದ್ದೇನೆ.